ಮೂರನೇ ಬೆನ್ನು

ನಮ್ಮ ವ್ಯಂಗ್ಯಚಿತ್ರಕಾರ ಮುಖ ಬರೆಯುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಮುಖಕ್ಕೆ ವಾರಸುದಾರರಿರುತ್ತಾರೆ, ಬೆನ್ನು ನನ್ನದೆಂದು ಯಾರೂ ಜಗಳಕ್ಕೆ ಬರುವುದಿಲ್ಲ ಎಂಬುದು ಅವನ ಧೈರ್ಯ. ನಗರಸಭೆಯ ಹೊಗಳುಭಟರನ್ನೆಲ್ಲ ಹಿಂದಿನಿಂದಲೇ ಬರೆಯುತ್ತಿದ್ದ. ಆ ದಿನದ ಚಿತ್ರದಲ್ಲೂ ಅಷ್ಟೆ: ಬಗ್ಗಿದ ಬೆನ್ನುಗಳ ಸಾಲೊಂದು ಮೆಟ್ಟಿಲಾಗಿದೆ, ಅಧ್ಯಕ್ಷರು ಅದನ್ನು ತುಳಿದುಕೊಂಡು ಕುರ್ಚಿಗೆ ಹತ್ತುತ್ತಿದ್ದಾರೆ.

ಪತ್ರಿಕೆ ಬಿಚ್ಚಿದ ಹೆಂಡತಿ ಲೋಟ ಕೆಳಗಿಟ್ಟಳು.

"ರೀ, ಈ ಮೂರನೇ ಬೆನ್ನು ನನ್ನ ತಮ್ಮಂದು."

"ಬೆನ್ನಿಗೆಂಥ ಗುರುತೇ, ಮಾರಾಯ್ತಿ?"

"ಕಾಲರಲ್ಲಿ ಕರ್ಚೀಫು ಸಿಗಿಸ್ಕೊಳ್ಳೋನು ಇನ್ಯಾರಿದಾರೆ? ಎಲ್ಲರೂ ನೆಲಕ್ಕೆ ಬಗ್ಗಿದ್ರೆ ಇವನೊಬ್ಬ ಅರ್ಧಕ್ಕೇ ನಿಂತಿದಾನೆ. ಸೊಂಟ ಹಿಡ್ಕೊಂಡಿರೋದು ಅವನಿಗೇ ತಾನೆ?"

ಚಿತ್ರಕಾರ ಪತ್ರಿಕೆ ಕಿತ್ತುಕೊಂಡು ನೋಡಿದ. ಬೆನ್ನು ಬೇಕಾದಾಗಲೆಲ್ಲ ಅವನು ಮನೆಗೆ ಬಂದ ಭಾವಮೈದುನನನ್ನೇ "ಒಂಚೂರು ಬಗ್ಗಪ್ಪಾ" ಎಂದು ಗೋಡೆ ಪಕ್ಕ ನಿಲ್ಲಿಸಿಕೊಳ್ಳುತ್ತಿದ್ದ. ಆಮೇಲೆ ಗುರುತು ಅಳಿಸುವುದು ವಾಡಿಕೆ. ಈ ಸಲ ಅವಸರದಲ್ಲಿ ಮರೆತಿದ್ದ. ಆ ಹುಡುಗ ನಗರಸಭೆಯಲ್ಲಿ ಹಂಗಾಮಿ ಗುಮಾಸ್ತ. ಕೆಲಸ ಕಾಯಂ ಮಾಡುವ ಆದೇಶ ಸಹಿಗಾಗಿ ಅಧ್ಯಕ್ಷರ ಮೇಜಿನ ಮೇಲೇ ಬಿದ್ದಿತ್ತು.

ಫೋನು ಬಂತು. ಅಧ್ಯಕ್ಷರ ಆಪ್ತ ಸಹಾಯಕ, ಊರೆಲ್ಲ 'ಹೌದ್ಸಾರ್' ಎಂದು ಕರೆಯುವ ಮನುಷ್ಯ. "ಸಾಹೇಬ್ರು ಕರೀತಿದಾರೆ. ಮೂಲ ಚಿತ್ರ ತಗೊಂಡ್ ಬರ್ಬೇಕಂತೆ."

"ಸಿಟ್ಟಾಗಿದಾರಾ?"

"ಇಲ್ಲ, ನಗ್ತಿದಾರೆ," ಎಂದ ಹೌದ್ಸಾರ್. ಹೇಳುವಾಗ ಅವನ ದನಿಯೇ ನಡುಗುತ್ತಿತ್ತು.

ಅಧ್ಯಕ್ಷರು ನಿಜಕ್ಕೂ ನಗುತ್ತಿದ್ದರು. ಅವರ ಸುತ್ತ ನಿಂತವರು ಅವರ ನಗೆಯನ್ನೇ ನೋಡಿಕೊಂಡು, ಅದು ನಿಂತ ಕಡೆ ನಿಲ್ಲಿಸಲು ಸಿದ್ಧರಾಗಿ, ನಗುತ್ತಿದ್ದರು. ಬಾಗಿಲ ಬಳಿ ಫೈಲು ಹಿಡಿದು ಭಾವಮೈದುನ ನಿಂತಿದ್ದ.

"ಫ್ರೇಮ್ ಹಾಕಿಸ್ತೀನ್ರೀ! ಹೊಟ್ಟೆ ಸ್ವಲ್ಪ ಜಾಸ್ತಿ ಬರೆದಿದೀರಿ, ಇರ್ಲಿ ಬಿಡಿ." ಅಧ್ಯಕ್ಷರ ಬೆರಳು ಬೆನ್ನಿನಿಂದ ಬೆನ್ನಿಗೆ ಹತ್ತುತ್ತ ಮೂರನೆಯದರ ಮೇಲೆ ನಿಂತಿತು. ನಗೆಯೂ ನಿಂತಿತು. "ಇವನ್ಯಾರು? ಹೀಗೆ ಸೆಟೆದು ನಿಂತ್ರೆ ನಾನು ಎಡವಿ ಬೀಳಲ್ವಾ?"

ಕೋಣೆಯಲ್ಲಿದ್ದವರು ಒಬ್ಬರ ಕಾಲರು ಒಬ್ಬರು ನೋಡಿಕೊಂಡರು. ಬಾಗಿಲ ಬಳಿಯ ಕೈಯೊಂದು ಮೆಲ್ಲಗೆ ಕುತ್ತಿಗೆಯತ್ತ ಹೊರಟಿತು. ಹೌದ್ಸಾರ್ ಆ ಕಡೆ ತಿರುಗುವುದರಲ್ಲಿದ್ದ.

"ಅದು ನಾನೇ ಸಾರ್," ಎಂದ ಚಿತ್ರಕಾರ.

"ನೀವಾ?" ಅಧ್ಯಕ್ಷರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹಂಗಾದ್ರೆ ಸುಲಭ ಆಯ್ತಲ್ಲ! ಸರಿ ಮಾಡ್ಕೊಡಿ."

ಚಿತ್ರವನ್ನು ಟೀಪಾಯಿಯ ಮೇಲಿಟ್ಟು ಪೆನ್ನು ಚಾಚಿದರು. ಟೀಪಾಯಿ ಮೊಣಕಾಲಿಗಿಂತ ತಗ್ಗು. ಕುರ್ಚಿ ಯಾರೂ ಕೊಡಲಿಲ್ಲ. ಅವನು ಬಗ್ಗಿದ. ಜೇಬಿನಲ್ಲಿದ್ದ, ತಪ್ಪು ತಿದ್ದುವ ಬಿಳಿ ಬಣ್ಣದಿಂದ ಮೊದಲು ಕರ್ಚೀಫನ್ನು ಅಳಿಸಿದ, ಆಮೇಲೆ ಬೆನ್ನನ್ನು ಉಳಿದವರ ಸಮಕ್ಕೆ ಇಳಿಸಿದ. ಇಳಿಸುತ್ತ ಇಳಿಸುತ್ತ ಅದು ಎಲ್ಲರಿಗಿಂತ ಕೆಳಗೇ ಹೋಯಿತು.

"ಭೇಷ್! ಇನ್ಮೇಲೆ ಅಚ್ಚಿಗೆ ಹೋಗೋ ಮುಂಚೆ ನನಗೊಂದ್ಸಲ ತೋರಿಸ್ಬಿಡಿ. ನಾವೇನು ಬೇರೆಯೋರಾ?"

"ಆಗ್ಲಿ ಸಾರ್," ಎಂದಿತು ಟೀಪಾಯಿಯ ಮೇಲೆ ಬಗ್ಗಿದ್ದ ಬೆನ್ನು.

ಅಧ್ಯಕ್ಷರು ಎದ್ದು ಹೊರಟರು. ಭಾವಮೈದುನ ಬಾಗಿಲು ತೆರೆದು ಹಿಡಿದ. ಅವನ ಕಾಲರು ಖಾಲಿಯಾಗಿತ್ತು. ಕಣ್ಣಲ್ಲಿ ನೀರು ಬರುವಷ್ಟು ನೋವಾದರೂ ಸೊಂಟವನ್ನು ಪೂರ್ತಿ ಬಗ್ಗಿಸಿ ನಿಂತ. ಅಧ್ಯಕ್ಷರು ಅವನನ್ನು ನೋಡದೆ ದಾಟಿಹೋದರು.