ಹೊಲಿದು ಬಿಚ್ಚುವ ಕೆಲಸ

"ಇದ ಅಣೆಗೆ ಕಟ್ಕಂಡೇ ಉಚ್ಚೆಗೂ ಓಗ್ಬೇಕಾ ಸಾ?" ಎಂದು ನೀಲಾವತಿ ಕೇಳಿದಾಗ ಇಡೀ ಲೈನು ನಕ್ಕಿತು.

ಕಿರಣ್ ಕುಮಾರ್ ನಗಲಿಲ್ಲ. ಬದನಗುಪ್ಪೆಯ ಆ ಗಾರ್ಮೆಂಟ್ಸಿನಲ್ಲಿ ಶರ್ಟು ಹೊಲಿಯುವ ವಿಭಾಗಕ್ಕೆ ಅವನು ಸೂಪರ್‌ವೈಸರು. ಮೆಷಿನ್ನುಗಳನ್ನು ನಿಲ್ಲಿಸಿ ಹೆಂಗಸರನ್ನೆಲ್ಲ ಒಂದು ಮೇಜಿನ ಸುತ್ತ ಸೇರಿಸಿದ್ದ. ರಟ್ಟಿನ ಪೆಟ್ಟಿಗೆಯಿಂದ ಹಣೆಗೆ ಕಟ್ಟುವ ಒಂದು ಕಪ್ಪು ಪಟ್ಟಿ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಿದ್ದ. ಪಟ್ಟಿಯ ನಡುವೆ ಬೆಂಕಿಪೊಟ್ಟಣದಷ್ಟು ಗಾತ್ರದ ಕ್ಯಾಮೆರಾ ಇತ್ತು. ಅವನ ಪಕ್ಕದಲ್ಲಿ ಮೈಸೂರಿನ ಯಾವುದೋ ಕಂಪನಿಯಿಂದ ಬಂದ ದಿಲೀಪ್ ನಿಂತಿದ್ದ. ಕಾರ್ಖಾನೆಯ ಧೂಳಿನಲ್ಲೂ ಅವನ ಬಿಳಿ ಶೂ ಬೆಳ್ಳಗೇ ಇತ್ತು.

"ಮುಖ ಬರಲ್ಲ. ನಿಮ್ಮ ಕೈ ಮಾತ್ರ," ಎಂದ ದಿಲೀಪ್. "ನೀವು ಏನನ್ನ ನೋಡ್ತೀರೋ ಅದನ್ನೇ ಇದೂ ನೋಡುತ್ತೆ. ಬಟ್ಟೆ ಹೇಗೆ ಹಿಡೀತೀರಿ, ಎಲ್ಲಿ ತಿರುಗಿಸ್ತೀರಿ, ಅಷ್ಟೇ."

"ನಮ್ ಕೈ ನೋಡ್ಕಂಡು ಯಾರ್ ಏನ್ ಮಾಡಾರು? ಮದುವೆಗ್ ಕೇಳಾರಾ?"

"ವೀಡಿಯೊ ಅಮೆರಿಕಕ್ಕೆ ಹೋಗುತ್ತೆ ಮೇಡಂ. ಅಲ್ಲಿ ರೋಬೋಟ್ ಇದನ್ನ ನೋಡಿ ಹೊಲಿಯೋದು ಕಲಿಯುತ್ತೆ."

ಮತ್ತೆ ನಗು ಎದ್ದಿತು. ಈ ಸಲ ಸ್ವಲ್ಪ ಕಡಿಮೆ. ಹಿಂದೆ ನಿಂತಿದ್ದ ನಾಗರತ್ನ ತನ್ನ ಮೆಷಿನ್ನಿನ ಕಡೆ ನೋಡಿದಳು. ಅವಳದು ಕಾಲರ್ ಕೂರಿಸುವ ಕೆಲಸ. ಸೂಜಿಯ ಕೆಳಗೆ ಅರ್ಧ ಮುಗಿದ ನೀಲಿ ಶರ್ಟೊಂದು ತಲೆ ಕೆಳಗಾಗಿ ಬಿದ್ದಿತ್ತು.

ಕಿರಣ್ ಕುಮಾರ್ ಗಂಟಲು ಸರಿಮಾಡಿಕೊಂಡ. "ನೋಡ್ರಮ್ಮ, ಅಮೆರಿಕದೋರು ನಮ್ಮ ಬಟ್ಟೆ ಮೇಲೆ ತೆರಿಗೆ ಏರ್ಸವ್ರೆ. ಆರ್ಡರ್ ನಿಂತೋಗದೆ. ಎರಡು ಲೈನ್ ಮುಚ್ತರೆ ಅಂತ ಮೇಲಿಂದ ಬಂದದೆ. ಇದ ಕಟ್ಕಂಡೋರು ಉಳ್ಕತರೆ. ಬಲವಂತ ಇಲ್ಲ. ಕಟ್ಕತೀರೋ ಇಲ್ವೋ ನಾಳೆ ಬೆಳಗ್ಗೆ ಏಳಿ."

ಸಂಜೆ ಉಮ್ಮತ್ತೂರಿನ ಕಡೆ ಹೊರಟ ಕಾರ್ಖಾನೆಯ ಬಸ್ಸಿನಲ್ಲಿ ಪ್ರಿಯಾಂಕ ಫೋನು ತೆಗೆದಳು. ಅವಳು ಬಿಕಾಂ ಓದಿ ಗುಂಡಿ ಹಚ್ಚುವ ಮೆಷಿನ್ನಿಗೆ ಬಂದವಳು. ಕೆಲಸಕ್ಕೆ ಸೇರಿಸಿದ್ದು ನಾಗರತ್ನಳೇ. ಬಸ್ಸಿನಲ್ಲಿ ಇಬ್ಬರೂ ಯಾವಾಗಲೂ ಒಂದೇ ಸೀಟು. ಫೋನಿನಲ್ಲಿ ಅಮೆರಿಕದ ಟಿವಿಯ ಚರ್ಚೆಯೊಂದು ಓಡುತ್ತಿತ್ತು. ಕೋಟು ಹಾಕಿದ ಒಬ್ಬ, ಕೆಂಪು ತುಟಿಯ ಒಬ್ಬಳು, ಟೋಪಿ ಹಾಕಿದ ಇನ್ನೊಬ್ಬ, ಮೂವರೂ ಒಟ್ಟಿಗೆ ಮಾತಾಡುತ್ತಿದ್ದರು. ಹೆಂಗಸರು ಸೀಟುಗಳ ಮೇಲಿಂದ ಬಗ್ಗಿ ನೋಡಿದರು.

"ಆ ಟೋಪಿಯವ್ನು ಏನಂತನೆ ಅಮ್ಮಿ?"

"ನಮ್ ಕೆಲ್ಸ ಎಲ್ಲಾನೂ ಕದ್ಬುಟ್ರು ಅಂತವ್ನೆ."

"ಯಾರು ಕದ್ದರಂತೆ?"

"ನಾವು," ಎಂದಳು ಪ್ರಿಯಾಂಕ.

ನೀಲಾವತಿ ತನ್ನ ಊಟದ ಬ್ಯಾಗನ್ನು ತೆರೆದು ಒಳಗೆ ಇಣುಕಿದಳು. "ನನ್ ತಾವ ಬರೀ ಖಾಲಿ ಡಬ್ಬಿ ಅದೆ. ಬೇಕಾರ್ ಬಂದು ನೋಡ್ಕಳ್ಳಿ." ಎಲ್ಲರೂ ನಕ್ಕರು. "ಥೇಟ್ ನಮ್ಮ ಸೋಮಯ್ಯನಂಗೇ ಕಿರುಚ್ತನೆ ಆ ಟೋಪಿಯವ್ನು," ಎಂದು ಅವಳೇ ಸೇರಿಸಿದಳು.

"ನಾ ಎಲ್ಲಿ ಕಿರುಚಿದ್ನಮ್ಮಿ? ಬಸ್ ಓಡ್ಸಕ್ ಬುಡು ಸುಮ್ನೆ," ಎಂದು ಡ್ರೈವರ್ ಸೋಮಯ್ಯ ಮುಂದಿನಿಂದ ಕಿರುಚಿದ.

ಪ್ರಿಯಾಂಕ ನಗಲಿಲ್ಲ. "ಆ ಕೋಟಿನವ್ನು ಏಳ್ತಿರಾದ್ ಕೇಳಿ. ಕಾರ್ಖಾನೆ ಎಲ್ಲಾನೂ ವಾಪಸ್ ಅವ್ರ ದೇಶಕ್ ತತ್ತರಂತೆ. ಆದ್ರ ಕೂಲಿ ಜಾಸ್ತಿ ಆಯ್ತದೆ, ಅದ್ಕೆ ಮೆಷಿನ್ನೇ ಒಲೀತದೆ ಅಂತನೆ. ಹಂಗಾದ್ರೆ ನಮ್ ಜನ ಏನ್ ಮಾಡಾದು ಅಂತ ಆಯಮ್ಮ ಕೇಳ್ತವ್ಳೆ. ಅಲ್ಲೂ ಕಿತ್ತಾಟನೇ. ಸರಿ, ಮೆಷಿನ್ನಿಗೆ ಒಲ್ಯಾದ ಕಲ್ಸಾದ್ ಯಾರು?" ಎಂದು ತನ್ನ ಎರಡೂ ಕೈ ಎತ್ತಿ ತೋರಿಸಿದಳು. "ನಾವು ಕಟ್ಕಳದೆ ಇದ್ರೆ ಅದು ಕಲ್ಯಾಕಿಲ್ಲ. ಎಲ್ರೂ ಒಂದೇ ಮಾತಲ್ಲಿ ಇರ್ಬೇಕು, ಅಷ್ಟೆ."

ಸೋಮಯ್ಯನ ಸೀಟಿನ ಮೇಲ್ಗಡೆ ಹುಲಿಯೇರಿ ಕೂತ ಮಾದಪ್ಪನ ಪಟವಿತ್ತು. ಅದನ್ನು ಮುಟ್ಟಿ ಆಣೆ ಇಡೋಣ ಎಂದವಳು ನೀಲಾವತಿ. ಮುಂದಿನ ಸೀಟಿನಲ್ಲಿದ್ದ ನಾಗರತ್ನ ಮೊದಲು ಎದ್ದಳು. ಕಂಬಿ ಹಿಡಿದು ಕೈ ಚಾಚಿ ಪಟದ ಗಾಜು ಮುಟ್ಟಿ, "ಮಾದಪ್ಪನಾಣೆ, ಕಟ್ಕಳಾಕಿಲ್ಲ," ಎಂದಳು. ಉಳಿದವರು ಒಬ್ಬೊಬ್ಬರಾಗಿ ಬಂದರು. ಸೋಮಯ್ಯ ಬಸ್ಸು ನಿಧಾನ ಮಾಡಿದ.

ನಾಗರತ್ನಳ ಅಣ್ಣ ಮೃತ್ಯುಂಜಯ ಮನೆಯ ಜಗುಲಿಯ ಮೇಲೆ ಕೂತಿದ್ದ. ಅವಳು ಕೈಕಾಲು ತೊಳೆದು ಬರುವಷ್ಟರಲ್ಲಿ ಅವನಿಗೆ ಸುದ್ದಿ ಮುಟ್ಟಿತ್ತು. ಬಸ್ಸು ನಿಲ್ಲಿಸಿ ಬಂದ ಸೋಮಯ್ಯ ಟೀ ಅಂಗಡಿಯಲ್ಲಿ ಎಲ್ಲ ಹೇಳಿದ್ದ.

"ಆಣೆ ಇಟ್ರಂತೆ?"

"ಊಂ."

"ಕೆಲ್ಸ ಓದ್ರೆ?"

ಅತ್ತಿಗೆ ದಾನೇಶ್ವರಿ ಒಳಗೆ ಮುದ್ದೆ ತಿರುವುತ್ತಿದ್ದವಳು ಕೋಲು ನಿಲ್ಲಿಸಿದ್ದು ಕೇಳಿಸಿತು.

"ನಾಗಿ, ನಾ ಕೆಟ್ಟೋನಾಗಿ ಮಾತಾಡ್ತಿಲ್ಲ," ಎಂದ ಮೃತ್ಯುಂಜಯ. "ಬೇಗೂರಿಂದ ನಿಮ್ಮಾವ ಚಿಕ್ಕಮಲ್ಲಪ್ಪ ನಿನ್ನ ಕಳ್ಸಿ ಅಂತ ಫೋನ್ ಮಾಡ್ತನೇ ಅವ್ರೆ. ಕೆಲ್ಸ ಅದೆ, ರಜ ಕೊಡಾಕಿಲ್ಲ, ಆಮೇಕೆ ನೋಡನ ಅಂತ ತಳ್ಕಂಡ್ ಬಂದೀನಿ. ಮನೇಲಿ ಕೂತ್ಕಂಡ್ರೆ ನಾ ಏನಂತ ಏಳ್ಲಿ? ಇಲ್ಲಿ ಜನ ಏನಂತರೆ? ಶಿವಸ್ವಾಮಿನೂ ಈಗ ಕುಡ್ಯಾದ ಬುಟ್ಟವ್ನಂತೆ."

"ಯಾರ್ ಏಳುದ್ರು?"

"ಅವ್ನೇ ಏಳ್ದ."

ನಾಗರತ್ನಳಿಗೆ ನಗು ಬಂತು. ನಗಲಿಲ್ಲ. ಹಿಂದೊಂದು ರಾತ್ರಿ ಗಂಡ ಶಿವಸ್ವಾಮಿ ಅವಳನ್ನು ಹುಳ ಸಾಕುವ ಮನೆಯೊಳಗೆ ಕೂಡಿ, ಬಾಗಿಲ ಸಂದಿಯಲ್ಲಿದ್ದ ಅವಳ ಕೈ ತೆಗೆಯುವ ಮೊದಲೇ ಕದ ಎಳೆದು ಚಿಲಕ ಹಾಕಿದ್ದ. ರೇಷ್ಮೆ ಹುಳುಗಳು ಸೊಪ್ಪು ಮೇಯುವ ಸದ್ದು ಕೇಳುತ್ತ ಬೆಳಗಿನವರೆಗೆ ಕೂತಿದ್ದಳು. ಎಡಗೈಯ ಕಿರುಬೆರಳು ಆಮೇಲೆ ನೆಟ್ಟಗಾಗಲೇ ಇಲ್ಲ. ಸೆರಗಿನಲ್ಲಿ ಕೈ ಸುತ್ತಿಕೊಂಡು ಬೇಗೂರಿನಲ್ಲಿ ಬಸ್ಸು ಹತ್ತಿದವಳು ಮತ್ತೆ ಆ ಕಡೆ ಹೋಗಿರಲಿಲ್ಲ. ಹೋಗದೆ ಇರಲು ಇದ್ದದ್ದು ಒಂದೇ ಕಾರಣ, ಬದನಗುಪ್ಪೆಯ ಕೆಲಸ.

ಊಟಕ್ಕೆ ಕೂತಾಗ ದಾನೇಶ್ವರಿ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. "ನಂಗೇನ್ ನೀ ಇದ್ರೆ ಭಾರ ಇಲ್ಲ ಕಣಮ್ಮಿ," ಎಂದಳು. ಅದು ನಿಜವೇ ಇತ್ತು. ಆದರೆ ಇಲ್ಲೇ ಇರು ಎಂದು ಅವಳು ಹೇಳಲಿಲ್ಲ.

ಬೆಳಿಗ್ಗೆ ಕಾರ್ಖಾನೆಯ ಬಾಗಿಲಲ್ಲಿ ಹೆಂಗಸರು ಗುಂಪಾಗಿ ನಿಂತರು. ಕಿರಣ್ ಕುಮಾರ್ ಬಂದು, "ಏನ್ ಮಾಡಿದ್ರಿ?" ಎಂದು ಕೇಳಿದ. ಪ್ರಿಯಾಂಕ ಬಾಯಿ ತೆರೆಯುವ ಮೊದಲೇ ನಾಗರತ್ನ ಗುಂಪಿನಿಂದ ಆಚೆ ಬಂದು ಮೇಜಿನ ಹತ್ತಿರ ಹೋದಳು. ಪೆಟ್ಟಿಗೆಯಿಂದ ಪಟ್ಟಿ ತೆಗೆದಳು. ಹೇಗೆ ಕಟ್ಟುವುದು ಗೊತ್ತಾಗದೆ ಅದನ್ನು ಹಿಡಿದುಕೊಂಡೇ ನಿಂತಳು. ದಿಲೀಪ್ ಬಂದು ಹಿಂದಿನ ಕೊಂಡಿ ಹಾಕಿದ. ಪಟ್ಟಿ ತಗುಲಿ ಅವಳ ಹಣೆಯ ವಿಭೂತಿ ಅಳಿಸಿತು.

"ನಿನ್ ಮನೆ ಕಾಯ್ವಾಗ. ಮೊದ್ಲು ಆಣೆ ಇಟ್ಟೋಳು ನೀನೇ ಅಲ್ವೇನಮ್ಮಿ?" ಎಂದು ಬಯ್ದಳು ನೀಲಾವತಿ.

ನಾಗರತ್ನ ತಿರುಗಲಿಲ್ಲ. ತಿರುಗಿದರೆ ಕ್ಯಾಮೆರಾವೂ ಅವರ ಕಡೆ ತಿರುಗುತ್ತದೆ ಎಂದು ಅವಳಿಗೆ ಅನ್ನಿಸಿತು. ಮಧ್ಯಾಹ್ನದ ಊಟಕ್ಕೆ ಮೊದಲು ಇನ್ನೂ ಕೆಲವರು ಕಟ್ಟಿಕೊಂಡರು. ಊಟ ಮುಗಿದ ಮೇಲೆ ಬಾಯಿಗೆ ಬಂದಂತೆ ಬಯ್ಯುತ್ತ ನೀಲಾವತಿಯೂ ಕಟ್ಟಿಕೊಂಡಳು. ಕೊನೆಗೆ ಉಳಿದವಳು ಪ್ರಿಯಾಂಕ ಒಬ್ಬಳೇ. ಅವಳು ತನ್ನ ಕತ್ತರಿ, ನೀರಿನ ಬಾಟಲು ಬ್ಯಾಗಿಗೆ ಹಾಕಿಕೊಂಡು ನಾಗರತ್ನಳ ಮೆಷಿನ್ನಿನ ಹತ್ತಿರ ಬಂದಳು.

"ನಾ ಬಯ್ಯಾಕಿಲ್ಲ ಕಣಕ್ಕ. ನಂಗಾದ್ರೆ ಓಗಕ್ಕೆ ಮನೆ ಅದೆ. ನಿಂಗೆ ಬೇಗೂರು."

"ಪ್ರಿಯಾಂಕ, ನೀನೂ—"

"ಬ್ಯಾಡ. ಅದು ಕೇಳುಸ್ಕತಾ ಇರ್ತದೆ," ಎಂದು ಅವಳ ಹಣೆಯ ಕಡೆ ಗದ್ದ ಎತ್ತಿ ತೋರಿಸಿ ಹೊರಟುಹೋದಳು.

ಅಂದಿನಿಂದ ಬಸ್ಸಿನಲ್ಲಿ ನಾಗರತ್ನಳ ಪಕ್ಕದ ಸೀಟು ಖಾಲಿ. ನಿಂತು ಬರುವವರಿದ್ದರೂ ಅಲ್ಲಿ ಯಾರೂ ಕೂರುತ್ತಿರಲಿಲ್ಲ. ತಾವೂ ಕಟ್ಟಿಕೊಂಡೇ ದುಡಿಯುತ್ತಿದ್ದ ಹೆಂಗಸರು, ಮೊದಲು ಕಟ್ಟಿಕೊಂಡವಳು ಎಂಬ ಒಂದೇ ಸಿಟ್ಟನ್ನು ಉಳಿಸಿಕೊಂಡಿದ್ದರು.

ದಿಲೀಪ್ ದಿನವೂ ಲ್ಯಾಪ್‌ಟಾಪ್ ಮುಂದೆ ಕೂತು ವೀಡಿಯೊ ನೋಡುತ್ತಿದ್ದ. ಒಂದು ದಿನ ಅವಳನ್ನು ಕರೆದ. ಪರದೆಯ ಮೇಲೆ ಅವಳ ಕೈಗಳಿದ್ದವು. ತನ್ನ ಕೈಗಳನ್ನು ಹಾಗೆ, ಬೇರೆಯವರ ಕೈಗಳಂತೆ ಅವಳು ಎಂದೂ ನೋಡಿರಲಿಲ್ಲ.

"ಇಲ್ಲಿ ಕಾಲರ್ ತಿರುಗಿಸುವಾಗ ಈ ಬೆರಳು ಯಾಕೆ ಆಚೆ ಹೋಗುತ್ತೆ?"

"ಮುರ್ದಿತ್ತು."

"ಓ. ಪರವಾಗಿಲ್ಲ. ಸಾವಿರಾರು ಜನರ ಕೈ ಸೇರುತ್ತಲ್ಲ, ಅದರೊಳಗೆ ಇದು ಲೆಕ್ಕಕ್ಕೆ ಬರಲ್ಲ. ಅಳಿಸಿಹೋಗುತ್ತೆ." ಸಮಾಧಾನ ಮಾಡುವವನಂತೆ ಹೇಳಿ ಅವನು ಮುಂದಿನ ವೀಡಿಯೊ ಹಾಕಿದ.

ತಿಂಗಳ ಕೊನೆಗೆ ಬಟ್ಟೆಯ ಲಾರಿ ಬರುವುದು ಪೂರ್ತಿ ನಿಂತಿತು. ಕತ್ತರಿಸಿಟ್ಟ ಬಟ್ಟೆ ಮುಗಿಯಿತು. ಪ್ಯಾಕಿಂಗ್ ಮೇಜುಗಳ ಮೇಲೆ ಬೆಕ್ಕೊಂದು ಮಲಗತೊಡಗಿತು. ಇನ್ನು ಮನೆಗೆ ಕಳಿಸುತ್ತಾರೆ ಎಂದುಕೊಂಡಿದ್ದ ದಿನ ಕಿರಣ್ ಕುಮಾರ್ ಹೊಲಿದ ಶರ್ಟುಗಳ ಒಂದು ಗಂಟನ್ನು ತಂದು ಅವಳ ಮುಂದೆ ಸುರಿದ. "ಕಾಲರ್ ಬಿಚ್ಚಿ ತಿರುಗಾ ಕೂರ್ಸಿ," ಎಂದ.

"ಇದ್ರಲ್ಲಿ ಏನ್ ತಪ್ಪಾಗದೆ ಸಾ?"

"ತಪ್ಪೇನಿಲ್ಲ. ಅವ್ರಿಗೆ ವೀಡಿಯೊ ಸಾಲ್ದಂತೆ. ಬಿಚ್ಚಾದು, ಒಲ್ಯಾದು. ಅಷ್ಟೆ ಈಗ ಕೆಲ್ಸ."

ಅವಳು ಬಿಚ್ಚಿ ಹೊಲಿದಳು. ಸಂಜೆ ಅದೇ ಶರ್ಟುಗಳು ತಿರುಗಿ ಬಂದವು. ಮಾರನೆಯ ದಿನವೂ ಬಂದವು. ಸೂಜಿ ಬಿದ್ದು ಬಿದ್ದು ಕಾಲರಿನ ಅಂಚು ಜರಡಿಯಾಯಿತು. ಹತ್ತಿಯ ಎಳೆ ಎದ್ದು ನಿಂತಿತು. ಯಾರ ಕುತ್ತಿಗೆಗೂ ಹೋಗದ ಶರ್ಟುಗಳು. ಪಕ್ಕದ ಮೆಷಿನ್ನಿನಲ್ಲಿ ತೋಳು ಕೂರಿಸಿ ಬಿಚ್ಚುತ್ತಿದ್ದ ನೀಲಾವತಿ ಬಹಳ ದಿನದ ಮೇಲೆ ಅವಳೊಡನೆ ಮಾತಾಡಿದಳು. "ನಮ್ಮತ್ತೆಗೆ ಬುದ್ಧಿ ಕೆಟ್ಟಾಗ ಇಂಗೇ ಮಾಡ್ತಿದ್ಲು. ಸೀರೆ ಮಡ್ಚಾಳು, ಬಿಚ್ಚಾಳು. ಅವ್ಳಿಗೆ ಯಾರೂ ಸಂಬಳ ಕೊಡ್ತಿರ್ಲಿಲ್ಲ, ಪಾಪ."

ಆವತ್ತು ಮಧ್ಯಾಹ್ನ ನಾಗರತ್ನ ಬೇಕೆಂದೇ ತಪ್ಪು ಹೊಲಿದಳು. ಕಾಲರನ್ನು ಒಳಮೊಗ ಮಾಡಿ ಕೂರಿಸಿದಳು. ಒಂದನ್ನು ಓರೆಯಾಗಿ ಎಳೆದಳು. ಇನ್ನೊಂದಕ್ಕೆ ತೋಳಿನ ಬಟ್ಟೆಯನ್ನೇ ಸೇರಿಸಿ ಹೊಲಿದುಬಿಟ್ಟಳು. ಪ್ರಿಯಾಂಕ ಇದ್ದಿದ್ದರೆ ತೋರಿಸಬಹುದಿತ್ತು ಎನ್ನಿಸಿತು. ಎಲ್ಲೋ ದೂರದ ಒಂದು ಕಬ್ಬಿಣದ ಕೈ ಇದನ್ನೇ ಕಲಿತು, ಓರೆ ಕಾಲರಿನ ಶರ್ಟನ್ನು ಆ ಟೋಪಿಯವನ ಮುಂದೆ ಹಿಡಿಯುವುದನ್ನು ಅವಳು ನೆನೆದಳು. ಸಂಜೆಯವರೆಗೆ ಹಾಗೆಯೇ ಹೊಲಿದಳು. ಬಿಚ್ಚುವಾಗಲೂ ಬೇಕೆಂದೇ ಬಟ್ಟೆ ಹರಿದಳು.

ಮಾರನೆಯ ದಿನ ದಿಲೀಪ್ ಅವಳ ಮೆಷಿನ್ನಿನ ಹತ್ತಿರವೇ ಬಂದ. ಬಯ್ಯುತ್ತಾನೆ ಎಂದು ಅವಳು ಎದ್ದು ನಿಂತಳು.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ನಿನ್ನೆ ಮಾಡಿದ್ದು ಚೆನ್ನಾಗಿತ್ತು ಮೇಡಂ."

"ತಪ್ಪೋಗಿತ್ತು."

"ಅದೇ ಬೇಕಾಗಿತ್ತು. ಬರೀ ಸರಿ ಇರೋದನ್ನೇ ನೋಡಿದ್ರೆ ಅದಕ್ಕೆ ತಪ್ಪು ಯಾವುದು ಅಂತ ಗೊತ್ತಾಗಲ್ಲ. ಇಂಥಾ ವೀಡಿಯೊ ಯಾರ ಹತ್ರಾನೂ ಇಲ್ಲ ಅಂತ ಅಲ್ಲಿಂದ ಮೆಸೇಜ್ ಬಂದಿದೆ. ಇವತ್ತೂ ಸ್ವಲ್ಪ ಹಾಗೇ ಮಾಡ್ತೀರಾ?" ಅವನು ನಿಜವಾಗಿಯೂ ಸಂತೋಷದಲ್ಲಿದ್ದ. ಹೊರಗೆ ಹೋಗಿ ಅವಳಿಗೆಂದು ಒಂದು ಟೀ ತರಿಸಿಕೊಟ್ಟ.

ಅವಳು ಟೀ ಕುಡಿದಳು. ಆಮೇಲೆ ಅವನು ಕೇಳಿದಂತೆ ಹೊಲಿದಳು.

ವಾರ ಕಳೆದ ಮೇಲೆ ದಿಲೀಪ್ ಪೆಟ್ಟಿಗೆಗಳಿಗೆ ಅಂಟುಪಟ್ಟಿ ಸುತ್ತಿ ಕಾರಿಗೆ ಹಾಕಿಕೊಂಡು ಹೋದ. ಹೋಗುವಾಗ ಎಲ್ಲರಿಗೂ ಕೈ ಮುಗಿದ. ಕಿರಣ್ ಕುಮಾರ್ ಮೆಷಿನ್ನುಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸುತ್ತ, "ಆರ್ಡರ್ ಬಂದ್ರೆ ಫೋನ್ ಮಾಡ್ತೀವಿ," ಎಂದ.

"ಬರದೆ ಇದ್ರೆ?" ಎಂದಳು ನಾಗರತ್ನ.

ಅವನು ಹಾಳೆಯ ಮೂಲೆ ಎಳೆದು ಸರಿಮಾಡಿದ. "ನನ್ಗೂ ಈ ತಿಂಗಳೇ ಕೊನೆ ಕಣ್ರಮ್ಮ," ಎಂದ.

ಮನೆಯಲ್ಲಿ ಮೃತ್ಯುಂಜಯ ಜಗಳವಾಡಲಿಲ್ಲ. ಅವಳೂ ಆಡಲಿಲ್ಲ. ಬೇಗೂರಿಗೆ ಫೋನು ಹೋಯಿತು. ಅವಳನ್ನು ಕಳಿಸಲು ಸೋಮವಾರ ಬೇಡ, ಮಂಗಳವಾರ ಬೇಡ, ಬುಧವಾರ ಆಗಬಹುದು ಎಂದು ಮಾತಾಯಿತು. ಚಾಮರಾಜನಗರದಲ್ಲಿ ಅಣ್ಣ ಅವಳನ್ನು ಗುಂಡ್ಲುಪೇಟೆಯ ಬಸ್ಸು ಹತ್ತಿಸಿ ಕಿಟಕಿಯಿಂದ ಬಾಳೆಹಣ್ಣು ಕೊಟ್ಟ. "ಏನಾರ ಆದ್ರೆ ಒಂದ್ ಫೋನ್ ಮಾಡು," ಎಂದ. ಗುಂಡ್ಲುಪೇಟೆಯಲ್ಲಿ ಇಳಿದು ಮೈಸೂರಿನ ಬಸ್ಸಿಗೆ ಕಾದಳು. ಕೇರಳದ ಕಡೆ ಹೊರಟ ಕೋಸಿನ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ಬಸ್ಸು ಬಂತು, ಹತ್ತಿದಳು. ಬೇಗೂರಿನಲ್ಲಿ ಇಳಿದಳು.

ಹೆದ್ದಾರಿಯ ಪಕ್ಕದಲ್ಲಿ ಶಿವಸ್ವಾಮಿ ಬೈಕಿನ ಮೇಲೆ ಕೂತೇ ಇದ್ದ. ಗಡ್ಡ ಬೋಳಿಸಿಕೊಂಡಿದ್ದ. ಅವಳನ್ನು ನೋಡಿ ಇಳಿಯಲಿಲ್ಲ.

"ಬಂದ್ಯಾ?"

"ಊಂ."

"ಬ್ಯಾಗ ಮಡ್ಲಲ್ ಇಟ್ಕ."

ಅವನು ಬೈಕು ಶುರು ಮಾಡಿದ. ಹಿಂದೆ ಕೂರುವವರು ಕಾಲಿಡುವ ಕಂಬಿ ಮೇಲಕ್ಕೆ ಮಡಚಿಕೊಂಡಿತ್ತು. ಸಂದಿಯಲ್ಲಿ ಕೆಸರು ಒಣಗಿ ಗಟ್ಟಿಯಾಗಿ, ಕಂಬಿ ತುಕ್ಕು ಹಿಡಿದಿತ್ತು. ನಾಗರತ್ನ ಕಾಲಿನಿಂದ ಒತ್ತಿದಳು. ಬರಲಿಲ್ಲ. ಬ್ಯಾಗನ್ನು ರಸ್ತೆಯ ಮೇಲಿಟ್ಟು ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಮಣ್ಣು ಉದುರಿ ಕಂಬಿ ನಿಧಾನವಾಗಿ ಕೆಳಗಿಳಿಯಿತು. ಅವಳು ಬ್ಯಾಗು ಎತ್ತಿಕೊಂಡು, ಕಂಬಿಯ ಮೇಲೆ ಕಾಲಿಟ್ಟು ಹತ್ತಿ ಕೂತಳು.