ಕುಬಸಕ್ಕೆ ಬಂದ ತವರು

"ನೀ ಹಡದೀಯೇನು ಆ ಸೌಮ್ಯಾನ್ನ? ಬಾಡಿಗಿ ಇಸಗೊಂಡು ಮ್ಯಾಲಿನ ಖೋಲ್ಯಾಗ ಇಟಗೊಂಡಿದ್ದಿ, ಅಷ್ಟ. ಈಗ ತವರುಮನಿಯವರಂಗ ಬುಟ್ಟಿ ಹೊತಗೊಂಡು ಹೊಂಟೀಯಲ್ಲ, ಆಕಿ ಅಪ್ಪ ಇನ್ನೂ ಜೀವಂತ ಅದಾನ" ಎಂದು ಯಮನಪ್ಪ ಅರ್ಧ ಬೋಳಿಸಿದ ಗಡ್ಡದಲ್ಲೇ ಬಚ್ಚಲಿನಿಂದ ಹೊರಬಂದು ಕೂಗಿದ.

"ಜೀವಂತ ಇದ್ರ ಬರ್ಲಿ. ಎರಡು ವರ್ಷ ಆತು, ಮಗಳು ಸತ್ತಾಳೋ ಬದುಕ್ಯಾಳೋ ಅಂತ ಒಂದು ಕಾರ್ಡು ಗೀಚಿಲ್ಲ ಆ ಮನಷ್ಯಾ" ಎಂದಳು ರುಕ್ಮವ್ವ. ಕರ್ಚಿಕಾಯಿ ತುಂಬಿದ ಡಬ್ಬಿಯ ಮುಚ್ಚಳವನ್ನು ಅಂಗೈಯಿಂದ ಗುದ್ದಿ ಗುದ್ದಿ ಕೂರಿಸುತ್ತಿದ್ದಳು.

"ಬಂದ್ರ? ಬಂದು ನಿನ್ನ ಮಾರಿ ನೋಡಿದ್ರ? ಅವತ್ತು ನಮ್ಮ ಬಾಗಲದಾಗ ನಿಂತು ಏನಂದ ಅನ್ನೂದು ಮರತಿ?"

"ಮರತಿಲ್ಲ. ನೀವು ಗಡ್ಡ ತಕ್ಕೊರಿ ಮದಲ. ಅರ್ಧ ಮಂಗ್ಯಾ ಕಂಡಂಗ ಕಾಣಾಕತ್ತೀರಿ."

"ನಾ ಬರೂದಿಲ್ಲ."

"ಬರಬ್ಯಾಡ್ರಿ. ಕುಬಸಕ್ಕ ಗಂಡಸರೇನು ಕೆಲಸ?"

ಗಂಡ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ರುಕ್ಮವ್ವನಿಗೆ ಅಷ್ಟು ಸಿಟ್ಟು ಬಂದಿತ್ತು.

ಧಾರವಾಡದ ಸಪ್ತಾಪುರದಲ್ಲಿ ಅವರ ಮನೆಯಿತ್ತು. ಯುನಿವರ್ಸಿಟಿಗೆ ಓದಲು ಬಂದ ಮೂವರು ಹುಡುಗಿಯರು ಮೇಲಿನ ಖೋಲಿಯಲ್ಲಿದ್ದರು: ಸೌಮ್ಯಾ, ಶೀತಲ್, ಶಿವಗಂಗಾ. ಬಾಡಿಗೆ ಕೊಡುತ್ತಿದ್ದದ್ದು ನಿಜ. ಆದರೆ ಬಿಸಿ ರೊಟ್ಟಿ ಬಡಿಯುವ ಹೊತ್ತಿಗೆ ಮೂವರೂ ಒಲೆಯ ಮುಂದೆ ಬಂದು ಕೂರುತ್ತಿದ್ದರು, ಒಬ್ಬಳ ತಲೆಗೆ ಇನ್ನೊಬ್ಬಳು ಎಣ್ಣೆ ಹಚ್ಚುತ್ತಿದ್ದಳು, ಮೇಷ್ಟರ ನಡಿಗೆ ಅಣಕಿಸಿ ನಗುತ್ತಿದ್ದರು. ಸೌಮ್ಯಾ ತಾಯಿಯಿಲ್ಲದ ಹುಡುಗಿ. ಅಪ್ಪ ಶೇಖರಪ್ಪ ನವಲಗುಂದದ ಕಡೆ ಹೈಸ್ಕೂಲಿನಲ್ಲಿ ಗುಮಾಸ್ತ. ಮಗಳನ್ನು ಬಿಟ್ಟುಹೋಗುವಾಗ ಆತ ರುಕ್ಮವ್ವನಿಗೆ ಕೈಮುಗಿದು, "ಇನ್ನ ನೀವ ಈಕಿ ತಾಯಿ" ಎಂದಿದ್ದ. ಎಂ.ಎಸ್ಸಿ. ಕೊನೆಯ ವರ್ಷ ಸೌಮ್ಯಾ ಬೆಂಗಳೂರು ಕಡೆಯ ಸಹಪಾಠಿ ಮುನಿರಾಜುವನ್ನು ರಿಜಿಸ್ಟರ್ ಮದುವೆಯಾದಳು. ಜಾತಿ ಬೇರೆ. ಶೇಖರಪ್ಪ ಬಂದು, ಒಳಗೆ ಕಾಲಿಡದೆ ಹೊಸ್ತಿಲಾಚೆಯೇ ನಿಂತು, "ನಿಮ್ಮನ್ನ ನಂಬಿ ಬಿಟ್ಟಿದ್ದೆ ರುಕ್ಮವ್ವಾರ. ನೀವು ನನ್ನ ಮನಿ ಮುರದ್ರಿ" ಎಂದು ಹೇಳಿ ಹೋದ.

ಆಮೇಲೆ ಯಮನಪ್ಪನಿಗೆ ಪೀಣ್ಯದ ಲಾರಿ ಆಫೀಸಿನಲ್ಲಿ ಕೆಲಸ ಸಿಕ್ಕಿ ಧಾರವಾಡ ಬಿಟ್ಟಾಯಿತು. ಪೀಣ್ಯದಲ್ಲಿ ಹಗಲೂ ರಾತ್ರಿ ಕಬ್ಬಿಣ ಕೊರೆಯುವ ಸದ್ದು, ಮಾತಾಡಿದರೆ ಯಾವ ಊರು ಎಂದು ಕೇಳುವ ಅಕ್ಕಪಕ್ಕದವರು. ಹಾಗಿರುವಾಗ ಎರಡು ತಿಂಗಳ ಹಿಂದೆ ಜಾಲಹಳ್ಳಿ ಕ್ರಾಸಿನ ಸಂತೆಯಲ್ಲಿ ಯಾರೋ "ಪುಂಡಿಪಲ್ಯಾ ಐತೇನ್ರಿ?" ಎಂದು ಕೇಳಿದ್ದು ಕಿವಿಗೆ ಬಿದ್ದು ರುಕ್ಮವ್ವ ತಿರುಗಿದಳು. ಸೌಮ್ಯಾ. ಹೊಟ್ಟೆ ಆಗಲೇ ಕಾಣುತ್ತಿತ್ತು. ಇಬ್ಬರೂ ಸೊಪ್ಪಿನ ಗುಡ್ಡೆಯ ಪಕ್ಕದಲ್ಲೇ ಅತ್ತರು. ಅತ್ತು ಮುಗಿದ ಮೇಲೆ ಸೌಮ್ಯಾ ಕೇಳಿದ ಮೊದಲ ಮಾತು: "ಕಾಕು, ಕುಬಸಕ್ಕ ನನ್ನ ಕಡಿಯವರು ಯಾರು ಬರ್ತಾರ?"

ಆ ಮಾತು ರುಕ್ಮವ್ವನ ನಿದ್ದೆ ಕೆಡಿಸಿತು. ಕುಬಸವೆಂದರೆ ಸೀಮಂತ; ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಕುಬಸ ತರಬೇಕು. ಅದನ್ನು ಉಟ್ಟು ತೊಟ್ಟು ಕೂತ ಮೇಲೆಯೇ ಮೊದಲ ಉಡಿ ತುಂಬುವುದು. ಆಮೇಲೆ ಗಂಡನ ಮನೆಯವರದು, ಆಮೇಲೆ ಊರವರದು. ತವರಿನ ಸೀರೆ ಇಲ್ಲದೆ ಗಂಡನ ಮನೆಯ ಸೀರೆಯಲ್ಲಿ ಕೂತವಳಿಗೆ ಹಿಂದೆ ಮುಂದೆ ಯಾರೂ ಇಲ್ಲ ಎಂದೇ ಅರ್ಥ. ಸೌಮ್ಯಾಳ ಅತ್ತೆ ಕೃಷ್ಣಮ್ಮನಿಗಂತೂ ಅದನ್ನು ಬಾಯಿಬಿಟ್ಟು ಹೇಳಲು ಸಂಕೋಚವೇ ಇಲ್ಲ.

ರುಕ್ಮವ್ವ ಎಸ್‌ಟಿಡಿ ಬೂತಿನಿಂದ ಧಾರವಾಡಕ್ಕೆ ಫೋನು ಮಾಡಿ, ಅಲ್ಲೇ ಪಾಠ ಹೇಳಿಕೊಂಡಿದ್ದ ಶೀತಲ್‌ಳನ್ನು ಹಿಡಿದಳು. ಶೀತಲ್ ಚಂದಾಪುರದಲ್ಲಿದ್ದ ಶಿವಗಂಗಾಳನ್ನು ಹುಡುಕಿದಳು. ಇಬ್ಬರೂ ಬರುತ್ತೇವೆಂದರು. ಶೇಖರಪ್ಪನ ಹತ್ತಿರ ಹೋಗಿ ಹೇಳುವ ಕೆಲಸವೂ ಶೀತಲ್‌ಳ ಪಾಲಿಗೇ ಬಿತ್ತು.

ಜಾಲಹಳ್ಳಿಯಲ್ಲಿ ಸೌಮ್ಯಾಳ ಗಂಡನ ಮನೆಯ ಮುಂದೆ ಶಾಮಿಯಾನ ಕಟ್ಟಿದ್ದರು. ಭಾನುವಾರವಾದ್ದರಿಂದ ಮುನಿರಾಜುವಿನ ಫ್ಯಾಕ್ಟರಿಯವರೂ ಬಂದು ಕುರ್ಚಿ ಹಿಡಿದಿದ್ದರು. ರುಕ್ಮವ್ವ ಬುಟ್ಟಿ ಇಳಿಸುವುದಕ್ಕೂ ಒಳಗಿನಿಂದ ಇಬ್ಬರು ಓಡಿಬಂದು ತೆಕ್ಕೆಗೆ ಬೀಳುವುದಕ್ಕೂ ಸರಿಹೋಯಿತು.

"ಕಾಕು, ನೀವೇನು ಇಷ್ಟು ಬಡಕಲಾಗೀರಿ? ಬೆಂಗಳೂರು ನೀರು ಹತ್ತಿಲ್ಲೇನು?" ಎಂದಳು ಶಿವಗಂಗಾ.

"ನೀ ಮಾತ್ರ ಚಂದಾಪುರದ ನೀರೆಲ್ಲಾ ಕುಡದಂಗ ಕಾಣಸ್ತೀ. ಬಾಗಲದಾಗ ಹಿಡೀತೀಯೋ ಇಲ್ಲೋ?" ಎಂದಳು ರುಕ್ಮವ್ವ. ಮೂವರೂ ನಕ್ಕರು. ಒಂದು ಗಳಿಗೆ ಸಪ್ತಾಪುರದ ಒಲೆಯ ಮುಂದೆಯೇ ಕೂತಂತಾಯಿತು. ಆಮೇಲೆ ರುಕ್ಮವ್ವ ಶೀತಲ್‌ಳನ್ನು ನೀರಿನ ತೊಟ್ಟಿಯ ಹತ್ತಿರ ಎಳೆದುಕೊಂಡು ಹೋದಳು.

"ಸೌಮ್ಯಾನ ಅಪ್ಪ ಏನಂದ್ರು?"

"ಏನೂ ಅನ್ನಲಿಲ್ಲ ಕಾಕು. ಚಾ ಮಾಡಿಸಿ ಕೊಟ್ರು. ತಾರೀಖು ಕೇಳಿದ್ರು, ವಿಳಾಸ ಬರಕೊಂಡ್ರು. ಬರ್ತೀರೇನ್ರಿ ಅಂದೆ. 'ಬಂದ್ರ ಬಂದೆ, ಆಕಿಗೆ ಏನೂ ಹೇಳಬ್ಯಾಡ' ಅಂದ್ರು."

"ನೀ ಹೇಳೀಯೇನು?"

ಶೀತಲ್ ತಲೆ ತಗ್ಗಿಸಿದಳು. "ಆಕಿ ಮಾರಿ ನೋಡಿ ತಡಕೊಳ್ಳಾಕ ಆಗಲಿಲ್ಲ. ಹೇಳಿಬಿಟ್ಟೆ."

ಒಳಗೆ ಸೌಮ್ಯಾ ಹಳೆಯ ಸೀರೆಯಲ್ಲೇ ಕಿಟಕಿಯ ಪಕ್ಕ ಕೂತಿದ್ದಳು. ರುಕ್ಮವ್ವನನ್ನು ನೋಡಿ ನಕ್ಕಳು; ಕಣ್ಣು ಮಾತ್ರ ಮತ್ತೆ ರಸ್ತೆಗೇ ಹೋಯಿತು. ಆಟೋ ಸದ್ದಾದಾಗಲೆಲ್ಲ ಬೆನ್ನು ನೆಟ್ಟಗೆ ಮಾಡುತ್ತಿದ್ದಳು. ಅದೇ ಸದ್ದಿಗೆ ರುಕ್ಮವ್ವನೂ ಬಾಗಿಲ ಕಡೆ ತಿರುಗುತ್ತಿದ್ದಳು. ಆದರೆ ಇಬ್ಬರ ಭಯ ಒಂದೇ ಅಲ್ಲ. ಒಬ್ಬಳಿಗೆ ಅಪ್ಪ ಬರದೇ ಹೋದರೆ ಎಂಬ ಭಯ. ಇನ್ನೊಬ್ಬಳಿಗೆ ಆತ ಬಂದರೆ ಯಾವ ಮುಖ ತೋರಿಸಲಿ ಎಂಬ ಭಯ.

ಊಟದ ಹೊತ್ತು ಕಳೆಯಿತು. ಕೃಷ್ಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ನಿಂತಳು. ದಪ್ಪ ಹೆಂಗಸು, ದೊಡ್ಡ ದನಿ.

"ಏನಮ್ಮ ಸೌಮ್ಯಾ, ನಿಮ್ಮಪ್ಪಾರು ಬತ್ತಾರೋ ಇಲ್ವೋ? ನಾಕೂವರೆಗೆ ರಾಹುಕಾಲ ಕಣವ್ವ. ಜನ ಎಷ್ಟೊತ್ತು ಅಂತ ಕಾಯ್ತಾರೆ?"

"ಬರ್ತಾರ ಅತ್ತಿ. ಇನ್ನೊಂದು ಸ್ವಲ್ಪ."

"ಇಂಗೇ ಬೆಳಗಿಂದ ಸ್ವಲ್ಪ ಸ್ವಲ್ಪ ಅಂತಿದ್ದೀಯ. ಬರಂಗಿದ್ರೆ ಮದುವೆಗೇ ಬತ್ತಿರ್ಲಿಲ್ವಾ? ನಾನು ತಂದಿರೋ ಸೀರೆ ಉಟ್ಕೊಂಡು ಕೂತ್ಕೊ. ತವರು ಇಲ್ದಿರೋರೂ ಹೆರ್ತಾರೆ, ಪ್ರಪಂಚದಲ್ಲಿ ನೀನೊಬ್ಳೇನಾ?"

ಪಕ್ಕದ ಮನೆಯ ಅಂಜನಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ರುಕ್ಮವ್ವನಿಗೆ ಕಂಡದ್ದು ಆ ನಗೆಯೊಂದೇ.

"ಯಾರು ಹೇಳಿದ್ರು ನಿಮಗ ಈಕಿಗೆ ತವರಿಲ್ಲಂತ?" ಎಂದು ಎದ್ದು ನಿಂತಳು. "ನಾ ಯಾರು ಹಂಗಾರ? ಈ ಬುಟ್ಟ್ಯಾಗಿರೂದು ಏನು? ಎರಡು ವರ್ಷ ನನ್ನ ಕೈಯಾನ ರೊಟ್ಟಿ ತಿಂದಾಳ ಈಕಿ. ಸೀರಿ ತಂದೇನಿ, ಕುಬಸ ತಂದೇನಿ, ಬಳಿ ತಂದೇನಿ. ಕೂಡಾಕ ಮಣಿ ಹಾಕ್ರಿ."

"ಅಯ್ಯೋ, ನಾನೇನು ಬೇಡ ಅಂದ್ನಾ? ತಂದಿದ್ರೆ ಉಡ್ಸಿ. ನನಗೆ ಒತ್ತಾಗ್ತದೆ ಅಷ್ಟೆ" ಎಂದಳು ಕೃಷ್ಣಮ್ಮ.

ಸೌಮ್ಯಾ ರುಕ್ಮವ್ವನ ಕೈ ಹಿಡಿದಳು. "ಕಾಕು, ನಿಮ್ಮ ಸೀರಿ ನಾ ಆಮ್ಯಾಲ ಉಡ್ತೀನಿ. ದಿನಾ ಉಡ್ತೀನಿ ಬೇಕಾದ್ರ. ಮದಲಿಂದು ಅಪ್ಪಂದು ಇರ್ಲಿ. ರಾಹುಕಾಲ ಬಂದ್ರ ಬರ್ಲಿ."

ಆಗ ರುಕ್ಮವ್ವ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸುಮ್ಮನಿರುವುದು ಆಕೆಗೆ ಹುಟ್ಟಿನಿಂದಲೇ ಗೊತ್ತಿರಲಿಲ್ಲ. ಅಂಜನಮ್ಮನ ನಗೆ ಕಣ್ಣಲ್ಲಿ ಕೂತಿತ್ತು. ಅದಕ್ಕಿಂತ ಒಳಗೆ ಇನ್ನೊಂದು ಇತ್ತು: ಆತ ಬರದಿದ್ದರೆ ಸಾಕು ಎನ್ನುವ ಆಸೆ. ಅದನ್ನು ಆಕೆ ತನಗೆ ತಾನೇ ಹೇಳಿಕೊಂಡಿರಲಿಲ್ಲ.

"ಬರೂದಿಲ್ಲ ಅಂವಾ" ಎಂದಳು. "ಬರೂ ಮನಷ್ಯಾ ಆಗಿದ್ರ ರಾತ್ರಿ ಗಾಡಿಗೆ ಶೀತಲ್ ಕೂಡ ಬರ್ತಿದ್ದ. ಎಷ್ಟಂತ ಹಾದಿ ನೋಡ್ತಿ? ಮಂದಿ ಮುಂದ ನಗಿಗೀಡು ಮಾಡಬ್ಯಾಡ ನನ್ನ. ಏಳು."

ಸೌಮ್ಯಾ ಶೀತಲ್‌ಳ ಮುಖ ನೋಡಿದಳು. ಶೀತಲ್ ಮುಖ ಆಚೆ ತಿರುಗಿಸಿದಳು. ಸೌಮ್ಯಾ ಎದ್ದಳು.

ರುಕ್ಮವ್ವನೇ ನೆರಿಗೆ ಹಿಡಿದು ಹಸಿರು ಸೀರೆ ಉಡಿಸಿದಳು. ಶಿವಗಂಗಾ ಬಳೆ ತೊಡಿಸಿದಳು. ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ಸೌಮ್ಯಾ ಎರಡೂ ಕೈಯಲ್ಲಿ ಸೆರಗು ಒಡ್ಡಿದಳು. ರುಕ್ಮವ್ವ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಕೊಂಬು, ಎಲೆ ಅಡಿಕೆ, ಕುಬಸದ ಖಣ ಇಟ್ಟು ಉಡಿ ತುಂಬಿದಳು. ಆಮೇಲೆ ಕೃಷ್ಣಮ್ಮ ತುಂಬಿದಳು. ಸೋಬಾನೆ ಶುರುವಾಯಿತು. ರುಕ್ಮವ್ವನೂ ದನಿ ಕೂಡಿಸಿದಳು.

ಬಾಗಿಲಲ್ಲಿ ನೆರಳು ಬಿದ್ದದ್ದನ್ನು ಮೊದಲು ನೋಡಿದವಳು ಸೌಮ್ಯಾ.

ಶೇಖರಪ್ಪ ನಿಂತಿದ್ದ. ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು, ಟೊಪ್ಪಿಗೆ ಕೈಯಲ್ಲಿತ್ತು, ಚಪ್ಪಲಿ ತುಂಬ ಕೆಂಪು ಧೂಳು. ಬಗಲಲ್ಲಿ ಒಂದು ಬಿದಿರಿನ ಬುಟ್ಟಿ, ಅದರ ಮೇಲೆ ಹೊಲಿದು ಬಿಗಿದ ಬಿಳಿ ಬಟ್ಟೆ. ಸೋಬಾನೆ ಒಬ್ಬೊಬ್ಬರ ಬಾಯಲ್ಲಾಗಿ ನಿಂತುಹೋಯಿತು.

"ಬಸ್ಸಿನಾಗ ಬಂದೆ" ಎಂದ ಆತ, ಯಾರನ್ನೂ ನೋಡದೆ. "ಕ್ರಾಸಿನಾಗ ಇಳಿಸಿದ್ರು. ಊರು ಇಲ್ಲೇ ಅಂದ್ರು. ಅಲ್ಲಿಂದ ನಡಕೋತ ಬಂದೆ. ಇಷ್ಟು ದೂರ ಅಂತ ಗೊತ್ತಿರಲಿಲ್ಲ."

"ಅಪ್ಪಾ" ಎಂದು ಸೌಮ್ಯಾ ಏಳಲು ಹೋದಳು. ಅಕ್ಕಿ ಜಾರಿತು. ಶಿವಗಂಗಾ ಹೆಗಲು ಹಿಡಿದು ಕೂರಿಸಿದಳು. ತುಂಬಿದ ಉಡಿ ಎರಡು ಕೈಯಲ್ಲಿ ಹಿಡಿದವಳು ಬಗ್ಗುವಂತಿಲ್ಲ, ಅಪ್ಪನ ಕಾಲು ಮುಟ್ಟುವಂತಿಲ್ಲ. ಹಾಗೇ ನೋಡುತ್ತ ಕೂತಳು. ಕಣ್ಣೀರು ಒರೆಸಿಕೊಳ್ಳಲೂ ಕೈ ಇರಲಿಲ್ಲ.

ಶೇಖರಪ್ಪ ಮಗಳನ್ನು ನೋಡಿದ. ಹೊಟ್ಟೆ ನೋಡಿದ. ಸೀರೆ ನೋಡಿದ.

"ಯಾರ ಸೀರಿ ಇದು?"

ರುಕ್ಮವ್ವ ಮುಂದೆ ಬಂದಳು. "ನಂದು. ತಪ್ಪಾತ್ರಿ. ನೀವು ಬರೂದಿಲ್ಲ ಅನಕೊಂಡೆ. ಏಳವ್ವಾ ಸೌಮ್ಯಾ, ನನ್ನ ಸೀರಿ ಬಿಚ್ಚು. ಅಪ್ಪಂದು ಉಡು. ಮತ್ತ ಮದಲಿಂದ ಮಾಡೋಣು."

"ತುಂಬಿದ ಮಡಿಲು ಬಿಚ್ಚೋದುಂಟಾ?" ಕೃಷ್ಣಮ್ಮನ ದನಿ ಈಗ ಸಣ್ಣದಾಗಿತ್ತು, ಅವಳಿಗೂ ಹೆದರಿಕೆಯಾಗಿತ್ತು. "ಬಸುರಿ ಎಂಗ್ಸು. ರಾಹುಕಾಲ ಬೇರೆ ಬಂತು. ಬೀಗ್ರೇ, ಬನ್ನಿ, ಕೂತ್ಕೊಳ್ಳಿ. ನಿಮ್ದು ಸಂಜಿಕೆ ಉಡಿಸಿದ್ರಾಯ್ತು. ಏನೂ ಆಗಕಿಲ್ಲ."

"ಬಿಚ್ಚಬಾರದು. ಅವರು ಹೇಳೂದು ಖರೆ ಐತಿ" ಎಂದ ಶೇಖರಪ್ಪ.

ಆತ ಒಳಗೆ ಎರಡು ಹೆಜ್ಜೆ ಬಂದು ಬುಟ್ಟಿಯನ್ನು ಗೋಡೆಯ ಪಕ್ಕ ಇಳಿಸಿದ. "ನಮ್ಮ ಓಣಿ ಹೆಣಮಕ್ಕಳು ಮಾಡಿಕೊಟ್ಟಾರ. ಸೀರಿ ಕುಬಸದ ಜೋಡಿ ಗುಳ್ಳಡಕಿ ಉಂಡಿ ಅದಾವ. ಆಕಿಗೆ ಅವು ಅಂದ್ರ ಜೀವ." ಆಡಿದ್ದು ಕೃಷ್ಣಮ್ಮನಿಗೆ ಮಾತ್ರ.

ಮುನಿರಾಜು ನೀರಿನ ಚೊಂಬು ಹಿಡಿದು ಬಂದ. "ಮಾವ, ನೀರು ಕುಡೀರಿ. ಬಿಸಿಲಲ್ಲಿ ಬಂದಿದ್ದೀರಿ." ಅಳಿಯ ಮಾವನೊಂದಿಗೆ ಆಡಿದ ಮೊದಲ ಮಾತು ಅದು. ಶೇಖರಪ್ಪ ಚೊಂಬನ್ನು ನೋಡಿದ, ಕೈ ಅರ್ಧ ಎತ್ತಿದ. ಎಲ್ಲರೂ ಆ ಕೈಯನ್ನೇ ನೋಡಿದರು. ಆ ಕೈ ಹಾಗೇ ಟೊಪ್ಪಿಗೆಗೆ ಹೋಯಿತು.

"ಎರಡು ವರ್ಷ ಜಗಳ ಮಾಡಿದೆ ನನ್ನ ಜೋಡಿನ ನಾನು" ಎಂದ ರುಕ್ಮವ್ವನ ಕಡೆ ತಿರುಗಿ. ಸಿಟ್ಟಿನ ದನಿಯಲ್ಲ. ಸಿಟ್ಟಿದ್ದಿದ್ದರೆ ಆಕೆಗೆ ಉತ್ತರ ಗೊತ್ತಿತ್ತು. "ಮಗಳಿಗೆ ಯಾರೂ ಇಲ್ಲ ಅನ್ನೂದು ಬ್ಯಾಡ, ಅದೊಂದಕ್ಕರ ಹೋಗಬೇಕು ಅಂತ ಬಂದೆ. ಇಲ್ಲಿ ನೋಡಿದ್ರ ಎಲ್ಲಾರೂ ಇದ್ದಾರ. ಛಲೋ ಆತು."

"ಹಂಗನಬ್ಯಾಡ್ರಿ" ಎಂದಳು ರುಕ್ಮವ್ವ. "ನಾನ ಒತ್ತಾಯ ಮಾಡಿದೆ. ಆಕಿ ಬ್ಯಾಡ ಅಂದ್ಲು, ನಿಮ್ಮ ಹಾದಿನ ನೋಡಾಕತ್ತಿದ್ಲು. ಬೈರಿ ನನಗ. ಹೊಡೀರಿ ಬೇಕಾದ್ರ. ಕೂಡ್ರಿ ಅಷ್ಟ."

ಶೇಖರಪ್ಪ ಟೊಪ್ಪಿಗೆ ತಲೆಗಿಟ್ಟುಕೊಂಡ. ಮಗಳ ಹತ್ತಿರ ಹೋಗಿ, ಅವಳ ತಲೆಯ ಮೇಲೆ ಕೈಯಿಟ್ಟು, ತಕ್ಷಣ ತೆಗೆದ. ಬಿಸಿ ಪಾತ್ರೆ ಮುಟ್ಟಿದವರ ಹಾಗೆ.

"ಅಪ್ಪಾ, ಹೋಗಬ್ಯಾಡ."

"ನೀ ಏಳಬ್ಯಾಡ. ಉಡಿ ಚೆಲ್ಲೀತು."

ಹೊರಟ. ಶಾಮಿಯಾನದ ಕೆಳಗೆ ಕೂತಿದ್ದವರು ದಾರಿ ಬಿಟ್ಟರು. ಮುನಿರಾಜು ಹಿಂದೆಯೇ ಓಡಿದ, ರುಕ್ಮವ್ವ ಚಪ್ಪಲಿಯಿಲ್ಲದೆ ಓಡಿದಳು. ರಸ್ತೆಯ ತಿರುವಿನವರೆಗೂ ಬಿಳಿ ಟೊಪ್ಪಿಗೆ ಕಾಣುತ್ತಿತ್ತು. "ಶೇಖರಪ್ಪಾರ, ನಿಂದರ್ರಿ" ಎಂದು ಆಕೆ ಕೂಗಿದಳು. ಆತ ನಿಲ್ಲಲಿಲ್ಲ; ಅವರು ತಿರುವು ಮುಟ್ಟುವಷ್ಟರಲ್ಲಿ ಜನರ ನಡುವೆ ಮರೆಯಾದ. ಮುನಿರಾಜು ಮನೆಗೆ ವಾಪಸ್ ಹೋಗಿ ಸ್ಕೂಟರ್ ತಂದು ಕ್ರಾಸಿನವರೆಗೆ ಹುಡುಕಿದ. ಪೀಣ್ಯದ ಕಡೆಗೂ ಹೋದ, ಯಶವಂತಪುರದ ಸ್ಟೇಷನ್ನಿಗೂ ಹೋದ. ಅಷ್ಟರಲ್ಲಿ ಎಷ್ಟೋ ಬಸ್ಸುಗಳು ಹೋಗಿದ್ದವು.

ಮನೆಯಲ್ಲಿ ಯಾರೂ ಸೋಬಾನೆ ಮುಂದುವರಿಸಲಿಲ್ಲ. ರಾಹುಕಾಲ ಮುಗಿಯಿತು. ಕೃಷ್ಣಮ್ಮ ಎರಡು ಸಲ, "ಬತ್ತಾರೆ ಬಿಡು, ಹೆರಿಗೆ ಆದ್ಮೇಲೆ ಮಗು ನೋಡೋಕಾದ್ರೂ ಬತ್ತಾರೆ" ಎಂದಳು. ಶೀತಲ್ ಉಡಿಯನ್ನು ದೇವರ ಮುಂದೆ ಬಿಚ್ಚಿಸಿದಳು. ಸೌಮ್ಯಾ ಆಮೇಲೆ ರುಕ್ಮವ್ವನ ಕಡೆ ಒಮ್ಮೆಯೂ ನೋಡಲಿಲ್ಲ.

ಕಾರ್ತಿಕದಲ್ಲಿ ಗಂಡು ಮಗು ಹುಟ್ಟಿತು. ಶೀತಲ್ ನವಲಗುಂದಕ್ಕೆ ಹೋಗಿ ಸುದ್ದಿ ಮುಟ್ಟಿಸಿ ಬಂದಳು. ಶೇಖರಪ್ಪ ಚಾ ಮಾಡಿಸಿ ಕೊಟ್ಟು, ಮಗುವಿನ ಬಣ್ಣ ಕೇಳಿದನಂತೆ. ಆದರೆ ಜಾಲಹಳ್ಳಿಗೆ ಬರಲಿಲ್ಲ.