ದವಡೆ ಸಂದಿಯ ಮಾತ್ರೆ

ಆ ಅನ್ನು ಮಗಾ, ದೊಡ್ಡದಾಗಿ ಆ ಅನ್ನು — ಅಮ್ಮನ ಕನ್ನಡಕ ಮೂಗಿಗೆ ತಾಗುವಷ್ಟು ಹತ್ತಿರ, ಅದರ ಹಿಂದೆ ಪೊರೆ ಬಂದ ಎರಡು ಕಣ್ಣು, ಅವನು ಬಾಯಿ ತೆರೆದು ಕೂತಿದ್ದಾನೆ, ನಲವತ್ತನಾಲ್ಕು ವರ್ಷದ ಗಂಡಸು, ಹನ್ನೆರಡು ಮಹಡಿಯ ಲಿಫ್ಟನ್ನು ಬಿಚ್ಚಿ ಜೋಡಿಸುವವನು, ಅಡುಗೆಮನೆಯ ಸ್ಟೂಲಿನ ಮೇಲೆ ಹಸುಗೂಸಿನ ಹಾಗೆ, ಥೂ, ಯಾವ ಜನ್ಮದ ಕರ್ಮವೋ, ಬಲಗಡೆ ದವಡೆ ಸಂದಿಯಲ್ಲಿ ಮಾತ್ರೆ ಮೆತ್ತಗಾಗುತ್ತಿದೆ, ಇವಳು ಅತ್ತ ತಿರುಗಿದರೆ ಸಾಕು, ಸಿಂಕಿಗೆ ಉಗಿದು ನೀರು ಬಿಟ್ಟರಾಯಿತು, ನಾಲ್ಕು ದಿನದಿಂದ ಹೀಗೇ ನಡೆದಿದೆ, ಹೆಂಡತಿ ತಂಗಿಯ ಹೆರಿಗೆಗೆ ಅಂತ ಹೋದ ದಿನದಿಂದ, ಅವಳಿದ್ದಿದ್ದರೆ ಈ ಆಟ ನಡೆಯುತ್ತಿರಲಿಲ್ಲ, ರೀ ನಾಲಿಗೆ ಎತ್ರೀ, ಕೆನ್ನೆ ಎಳೀರಿ, ಕೈಯಲ್ಲಿ ಟಾರ್ಚು ಬೇರೆ, ಪೊಲೀಸರೇ ವಾಸಿ. ಈ ಮಾತ್ರೆ ಮೈಯಲ್ಲಿದ್ದಾಗ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿ ಕಿತ್ತುಕೊಂಡು ಬರುತ್ತದೆ, ಆ ಹೆದರಿಕೆಗೇ ಇದನ್ನು ಕೊಡುವುದು, ಮನೆಯವರ ಎದುರೇ ನುಂಗಬೇಕು, ಮನೆಯವರು ಬಾಯಿ ನೋಡಿ ಕಾರ್ಡಿನಲ್ಲಿ ಗುರುತು ಹಾಕಬೇಕು, ಭಲೇ ಮರ್ಯಾದೆ, ಬರುವ ವಾರದ ಕೊನೆಗೆ ಮೇಸ್ತ್ರಿಯ ಬೀಳ್ಕೊಡುಗೆ ಊಟ, ಅಷ್ಟರಲ್ಲಿ ಮಾತ್ರೆಯ ಅಂಶ ಮೈಯಿಂದ ಪೂರ್ತಿ ಖಾಲಿಯಾಗಿರುತ್ತದೆ, ಒಂದೇ ಒಂದು ಗ್ಲಾಸು, ಯಾರಪ್ಪನ ಗಂಟು ಹೋಗುತ್ತದೆ.

ಮಾಡದೆ ಬಿಟ್ಟದ್ದು ಏನಿದೆ, ಮೊದಲು ಇಪ್ಪತ್ತೆಂಟು ದಿನ ಅಲ್ಲೇ ಇರಬೇಕಾದ ಕುಡಿತ ಬಿಡಿಸುವ ಕೇಂದ್ರ, ಬಾಗಿಲಲ್ಲೇ ಬೆಲ್ಟು ಬಿಚ್ಚಿಸಿಕೊಂಡರು, ಅಷ್ಟೂ ದಿನ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಓಡಾಡಿದ, ಮೊನ್ನೆ ಮೊನ್ನೆ ಕಾಲೇಜು ಮುಗಿಸಿದ ಕೌನ್ಸೆಲರ್ ಹುಡುಗಿ ಬಣ್ಣದ ಪೆನ್ಸಿಲ್ ಕೈಗಿಟ್ಟು ನಿಮ್ಮ ಸಿಟ್ಟಿನ ಚಿತ್ರ ಬರೀರಿ ಸಾರ್ ಅಂದಳು, ಇವನು ಲಿಫ್ಟ್ ಬರೆದುಕೊಟ್ಟ, ತುಂಬಾ ಚೆನ್ನಾಗಿದೆ ಸಾರ್ ಅಂತೆ. ಆಮೇಲೆ ಬೆಳಗ್ಗೆ ಹೋಗಿ ಸಂಜೆ ಬರುವ ಕೇಂದ್ರ, ಒಳಗೆ ಪಾಠ, ಹೊರಗೆ ಬಸ್‌ಸ್ಟಾಪಿನವರೆಗೆ ಮೂರು ಬಾರು, ಯಾವ ಬೃಹಸ್ಪತಿ ಹುಡುಕಿದ್ದನೋ ಆ ಜಾಗವನ್ನು, ಆಮೇಲೆ ವಾರಕ್ಕೊಮ್ಮೆ ಕುಡಿತ ಬಿಟ್ಟವರ ಗುಂಪು, ದುಂಡಗೆ ಪ್ಲಾಸ್ಟಿಕ್ ಕುರ್ಚಿ, ಒಬ್ಬೊಬ್ಬರೇ ಎದ್ದು ನಾನು ಕುಡುಕ ಅನ್ನಬೇಕು, ಆ ಬ್ಯಾಂಕಿನವನು ಪ್ರತಿ ವಾರ ಅದೇ ಕಥೆ ಹೇಳಿ ಅದೇ ಜಾಗದಲ್ಲಿ ಅಳುತ್ತಾನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಇವನಿಗೆ ಮೈ ಉರಿಯುತ್ತದೆ, ಉರಿದದ್ದಕ್ಕೇ ಕುಡಿದ, ಕುಡಿದು ಲಿಫ್ಟಿನ ನೆತ್ತಿಯ ಮೇಲೆ ರಿಪೇರಿಗೆ ಕೂತವನು ಅಲ್ಲೇ ನಿದ್ದೆ ಹೋದ, ಯಾರಾದರೂ ಗುಂಡಿ ಒತ್ತಿದ್ದರೆ ಅಪ್ಪಚ್ಚಿ. ಇದೇ ಕೊನೆ ನೋಡು, ಆರು ತಿಂಗಳು ಕಾರ್ಡ್ ತುಂಬಿಸ್ಕೊಂಡು ಬಾ, ಇಲ್ಲಾಂದ್ರೆ ಮನೇಲೇ ಬಿದ್ದಿರು, ಅಂದ ಮ್ಯಾನೇಜರ್, ಇವನ ಕೈಕೆಳಗೇ ಕೆಲಸ ಕಲಿತವನು ಅವನು.

ಕಾಣ್ಸಲ್ಲ ಕಣೋ, ಎಲ್ಲಾ ಮಂಜು ಮಂಜು, ನೀನೇ ಹೇಳು, ನುಂಗಿದ್ಯಾ — ಹೂಂ, ಅಂದ, ಅಂದ ಕೂಡಲೇ ಸಿಟ್ಟು ನೆತ್ತಿಗೇರಿತು, ನಂಬುತ್ತಾಳಲ್ಲ, ನಾಲ್ಕು ದಿನದಿಂದ ಬರೀ ಹೂಂ ಅಂದರೆ ನಂಬುತ್ತಾಳಲ್ಲ, ಬೈಯಬಾರದಾ, ಒಂದೇಟು ಹಾಕಬಾರದಾ, ಕಣ್ಣಿನ ಆಪರೇಷನ್ ಮಾಡಿಸಿಕೊಳ್ಳಬಾರದಾಗಿತ್ತಾ, ಎರಡು ಸಲ ದಿನ ಕೊಟ್ಟಿದ್ದರು, ಒಂದು ಇವನನ್ನು ಕೇಂದ್ರಕ್ಕೆ ಸೇರಿಸಿದ ದಿನ, ಇನ್ನೊಂದು ಲಿಫ್ಟಿನ ಮೇಲೆ ಸಿಕ್ಕಿಬಿದ್ದ ಮರುದಿನ, ನನ್ ಕಣ್ಣೆಲ್ಲಿಗ್ ಹೋಗುತ್ತೆ, ಮೊದಲು ಇವನು ಸರಿಹೋಗ್ಲಿ ಅಂದಳು, ಯಾರು ಕೇಳಿದ್ದರು ಇವಳನ್ನು, ಯಾರು ಕೇಳಿದ್ದರು. ಅಮ್ಮ ಕಾರ್ಡಿಗೆ ಗುರುತು ಹಾಕಲು ಪೆನ್ನು ಎತ್ತಿದಳು, ಮತ್ತೆ ಕೆಳಗಿಟ್ಟಳು. ನಿನ್ನೆ ನಿನ್ ಹೆಂಡ್ತಿ ಫೋನ್ ಮಾಡಿ ಅತ್ತೆ, ಬಾಯಿ ನೋಡಿದ್ರಾ ಅಂದ್ಲು, ಕಾಣದೇ ಇದ್ದದ್ದನ್ನ ಕಂಡೆ ಅಂದ್ಬಿಟ್ಟೆ ಕಣೋ, ರಾತ್ರಿಯೆಲ್ಲಾ ಮನಸ್ಸಿಗೆ ಸಮಾಧಾನ ಇಲ್ಲ, ಇರು — ನಲ್ಲಿಯ ಸದ್ದು, ಕೈ ತೊಳೆಯುತ್ತಿದ್ದಾಳೆ, ಸಿಂಕಿನ ಮುಂದೆ ಅವಳೇ ನಿಂತಿದ್ದಾಳೆ, ಉಗಿಯುವುದೆಲ್ಲಿ, ನುಂಗಿಬಿಡು, ಯಾಕೆ ನುಂಗಲಿ, ಎಲ್ಲರೂ ಸೇರಿ ನನ್ನೊಬ್ಬನನ್ನೇ, ಅಷ್ಟರಲ್ಲಿ ಬೆರಳು ಬಂತು, ಒದ್ದೆ ಬೆರಳು, ಹಲ್ಲು ಮೂಡುವ ಕೂಸಿನ ವಸಡು ಸವರುವ ಹಾಗೆ ಎಡದವಡೆ, ನಾಲಿಗೆಯ ಕೆಳಗೆ, ಬಲಕ್ಕೆ, ನಿಂತಿತು. ನಿನ್ನೇದೂ ಇಲ್ಲೇ ಇಟ್ಕೊಂಡಿದ್ಯಾ? ಬೆರಳು ತೆಗೆಯಲಿಲ್ಲ. ಮೊನ್ನೇದು? ಅವನ ಬಾಯಿತುಂಬ ಬೈಗುಳ, ಹೆಂಡತಿಗೆ, ಮ್ಯಾನೇಜರಿಗೆ, ಪೆನ್ಸಿಲ್ ಹುಡುಗಿಗೆ, ಈ ಮುದುಕಿಗೂ, ಒಂದನ್ನೂ ಆಡುವ ಹಾಗಿಲ್ಲ, ಬಾಯಿ ಮುಚ್ಚಿದರೆ ಅಮ್ಮನನ್ನೇ ಕಚ್ಚಬೇಕು, ಬೆರಳು, ಅದರ ತುದಿಯಲ್ಲಿ ಕರಗುತ್ತಿರುವ ಮಾತ್ರೆ, ಬೆರಳು